ತಾಮ್ರದ ಸುರುಳಿ ತಂಪು ಮಾಡುತ್ತದೆ ನಿಜ, ಶುದ್ಧವನ್ನೂ ಮಾಡುತ್ತದೆಯೇ?

ಇಂಥ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕಂದು ಬಣ್ಣದ ಕಷಾಯ ಕೊತಕೊತ ಕುದಿಯುತ್ತಿರುತ್ತದೆ. ಸ್ಪ್ರಿಂಗಿನಂತೆ ಸುತ್ತಿದ ತಾಮ್ರದ ಪೈಪೊಂದನ್ನು ಅದರೊಳಗೆ ಇಳಿಸುತ್ತಾರೆ. ಪೈಪಿನ ಒಂದು ತುದಿಗೆ ನಲ್ಲಿ ನೀರು, ಇನ್ನೊಂದು ತುದಿಯಿಂದ ಹೊಗೆಯಾಡುವ ಬಿಸಿನೀರು. ಇಪ್ಪತ್ತು ನಿಮಿಷದಲ್ಲಿ ಕಷಾಯ ಉಗುರುಬೆಚ್ಚಗೆ. ಜೊತೆಗೆ ಒಂದಿಷ್ಟು ಸಾಲುಗಳು: ‘ತಾಮ್ರ ಸ್ಟೀಲಿಗಿಂತ 25 ಪಟ್ಟು ಬೇಗ ತಣಿಸುತ್ತದೆ’, ‘ತಾಮ್ರ ಮುಟ್ಟಿದರೆ ಕ್ರಿಮಿ ಸಾಯುತ್ತವೆ’, ‘ತಾಮ್ರ ವಿಷವನ್ನು ಎಳೆದುಕೊಳ್ಳುತ್ತದೆ’, ‘ನಮ್ಮ ಅಜ್ಜಿಯರಿಗೆ ಇದೆಲ್ಲ ಗೊತ್ತಿತ್ತು, ಎಲ್ಲರಿಗೂ ಕಳಿಸಿ’.

ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ನಂಬಿಕೆ ಹುಟ್ಟುತ್ತದೆ. ಉಳಿದರ್ಧ ಮಾತ್ರ ಸುಮ್ಮನೆ ಬಿಡುವಂಥದ್ದಲ್ಲ. ಅದರಲ್ಲಿ ಹೊಟ್ಟೆಗೆ ಹೋಗುವ ತಾಮ್ರದ ವಿಷಯವಿದೆ, ಕಾನೂನಿನ ವಿಷಯವಿದೆ, ಬೆಂಗಳೂರಿನವರಿಗೆ ನೀರಿನ ವಿಷಯವೂ ಇದೆ. ಒಂದೊಂದಾಗಿ ನೋಡೋಣ.

ಮೊದಲು, ಇದು ಏನು?

ಬಿಯರ್ ತಯಾರಿಕೆಯಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆಯುತ್ತಾರೆ. ಆ ರಸವೇ ‘ವರ್ಟ್’. ಅದಕ್ಕೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಸುಮಾರು ಒಂದು ಗಂಟೆ ಕುದಿಸುತ್ತಾರೆ. ಆಮೇಲೆ ಯೀಸ್ಟ್ ಹಾಕಬೇಕು. ಆದರೆ ಕುದಿಯುವ ರಸಕ್ಕೆ ಹಾಕಿದರೆ ಯೀಸ್ಟ್ ಸಾಯುತ್ತದೆ. ಹಾಲಿಗೆ ಹೆಪ್ಪು ಹಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಕುದಿವ ಹಾಲಿಗೆ ಮಜ್ಜಿಗೆ ಬಿಟ್ಟರೆ ಮೊಸರಾಗುವುದಿಲ್ಲ, ಹಾಲು ಒಡೆಯುತ್ತದೆ.

ಹಾಗಾದರೆ ಮುಚ್ಚಿಟ್ಟು ತಾನಾಗಿ ಆರಲು ಬಿಡಬಹುದಲ್ಲ? 20 ಲೀಟರ್ ರಸ ಆರಲು ಇಡೀ ರಾತ್ರಿ ಬೇಕು. ಸಿಹಿ ರಸ ಬೆಚ್ಚಗೆ ನಿಂತಷ್ಟು ಹೊತ್ತು ಗಾಳಿಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಜೊತೆಗೆ, ಬಿಸಿ ರಸದಲ್ಲಿ ಬೇಯಿಸಿದ ಜೋಳದ ವಾಸನೆ ಕೊಡುವ ಒಂದು ಗಂಧಕದ ಸಂಯುಕ್ತ ಹುಟ್ಟುತ್ತಲೇ ಇರುತ್ತದೆ. ಕುದಿಯುವಾಗ ಅದು ಆವಿಯಾಗಿ ಹೋಗುತ್ತದೆ, ಕುದಿ ನಿಂತ ಮೇಲೆ ಒಳಗೇ ಉಳಿಯುತ್ತದೆ. ಬೇಗ ತಣಿಸುವುದು ಈ ಎರಡು ಕಾರಣಕ್ಕೆ. ಅದಕ್ಕೆ ಬಳಸುವ ಸುರುಳಿಯೇ ವರ್ಟ್ ಚಿಲ್ಲರ್.

ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳ ಬಚ್ಚಲಲ್ಲಿ ತಾಮ್ರದ ಬಾಯ್ಲರ್ ನೋಡಿದವರಿಗೆ ಈ ಸುರುಳಿ ಅರ್ಥವಾಗುವುದು ಸುಲಭ. ಬಾಯ್ಲರಿನ ನಡುವೆ ಒಂದು ಕೊಳವೆ, ಅದರೊಳಗೆ ಸೌದೆ ಅಥವಾ ಇದ್ದಿಲಿನ ಬೆಂಕಿ, ಸುತ್ತ ನೀರು. ಬೆಂಕಿ ನೀರನ್ನು ಮುಟ್ಟುವುದಿಲ್ಲ, ತಾಮ್ರದ ಗೋಡೆ ದಾಟಿ ಶಾಖ ಮಾತ್ರ ಹೋಗುತ್ತದೆ. ವರ್ಟ್ ಚಿಲ್ಲರ್ ಇದರ ತಿರುಗುಮುರುಗು: ಒಳಗೆ ತಣ್ಣೀರು, ಹೊರಗೆ ಬಿಸಿ ರಸ. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ಕೈ ಬದಲಾಯಿಸುತ್ತದೆ.

ಹೇಳಿಕೆ 1: ತಾಮ್ರ ಸ್ಟೀಲಿಗಿಂತ 25 ಪಟ್ಟು ಬೇಗ ತಣಿಸುತ್ತದೆ

ಈ 25 ಪಟ್ಟು ಎಂಬ ಅಂಕಿ ಗಾಳಿಯಿಂದ ಬಂದದ್ದಲ್ಲ. ಶಾಖವನ್ನು ಸಾಗಿಸುವ ಗುಣವನ್ನು ಅಳೆದರೆ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ ಸುಮಾರು 235, ಸ್ಟೇನ್‌ಲೆಸ್ ಸ್ಟೀಲಿಗೆ ಸುಮಾರು 15 ಅಂಕ (ಒಂದು ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಇಷ್ಟು ವಾಟ್ ಎಂಬ ಲೆಕ್ಕ). ಲೋಹಕ್ಕೆ ಲೋಹ ಹೋಲಿಸಿದರೆ ಹೇಳಿಕೆ ಸರಿ.

ಆದರೆ ಪಾತ್ರೆಯೊಳಗೆ ಶಾಖ ದಾಟಬೇಕಾದದ್ದು ಲೋಹವನ್ನಷ್ಟೇ ಅಲ್ಲ. ಪೈಪಿನ ಹೊರಮೈಗೆ ಅಂಟಿದಂತೆ ತಣ್ಣಗಾದ ರಸದ ತೆಳು ಪದರ ನಿಲ್ಲುತ್ತದೆ. ಒಳಮೈಗೆ ಅಂಟಿದಂತೆ ಬಿಸಿಯಾದ ನೀರಿನ ಪದರ. ನಿಜವಾದ ತಡೆ ಇರುವುದು ಈ ಎರಡು ಪದರಗಳಲ್ಲಿ. ನಡುವಿನ ಲೋಹ ಒಂದು ಮಿಲಿಮೀಟರಿಗಿಂತ ತೆಳು, ಅದು ಸ್ಟೀಲೇ ಆಗಿದ್ದರೂ ಒಟ್ಟು ತಡೆಯಲ್ಲಿ ಅದರ ಪಾಲು ಸಣ್ಣದು. ಹಾಗಾಗಿ ಒಂದೇ ಅಳತೆಯ ತಾಮ್ರದ ಸುರುಳಿ ಮತ್ತು ಸ್ಟೀಲ್ ಸುರುಳಿಯ ನಡುವೆ ತಣಿಸುವ ಸಮಯದಲ್ಲಿ ಹೆಚ್ಚು ಅಂತರ ಬರುವುದಿಲ್ಲ. ರಸವನ್ನು ಸೌಟಿನಿಂದ ಮೆಲ್ಲಗೆ ತಿರುಗಿಸುತ್ತಿದ್ದರೆ ಆಗುವ ಲಾಭ ಲೋಹ ಬದಲಿಸಿದ್ದಕ್ಕಿಂತ ದೊಡ್ಡದು. ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವಾಗ ನಾವು ಮಾಡುವುದೂ ಇದನ್ನೇ: ನಿಂತ ಪದರವನ್ನು ಒಡೆಯುವುದು.

ಮತ್ತೆ ಜನ ತಾಮ್ರವನ್ನೇ ಏಕೆ ಆರಿಸುತ್ತಾರೆ? ಅದು ಮೆದು, ಕೈಯಲ್ಲೇ ಬಾಗುತ್ತದೆ. ಏಸಿ, ಫ್ರಿಜ್ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸುರುಳಿಯಾಗಿಯೇ ಸಿಗುತ್ತದೆ. ಮನೆಯಲ್ಲಿ ಮಾಡುವವರ ಮಟ್ಟಿಗೆ ಕಾರಣ ಇಷ್ಟೇ. ಪರವಾನಗಿ ಪಡೆದ ದೊಡ್ಡ ಬ್ರೂವರಿಗಳು ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಸ್ಟೀಲ್ ತಗಡುಗಳನ್ನು ಸಾಲಾಗಿ ಜೋಡಿಸಿದ ಯಂತ್ರವನ್ನು, ತಾಮ್ರದ ಸುರುಳಿಯನ್ನಲ್ಲ.

ಇನ್ನೊಂದು ಮಿತಿಯನ್ನು ವಿಡಿಯೋಗಳು ಹೇಳುವುದಿಲ್ಲ. ಸುರುಳಿ ಎಷ್ಟೇ ಉದ್ದವಿರಲಿ, ಒಳಗೆ ಹರಿಯುವ ನೀರಿಗಿಂತ ಹೆಚ್ಚು ತಣ್ಣಗೆ ರಸ ಆಗಲಾರದು. ಚಳಿ ದೇಶದ ನಲ್ಲಿಯಲ್ಲಿ 10 ಡಿಗ್ರಿ ನೀರು ಬರಬಹುದು. ಏಪ್ರಿಲ್ ಮಧ್ಯಾಹ್ನ ನಮ್ಮ ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ನೀರು ಕೈಗೆ ಬೆಚ್ಚಗೇ ಹತ್ತುತ್ತದೆ. ಅದರಿಂದ 20 ಡಿಗ್ರಿ ತಲುಪಲು ಯಾವ ಲೋಹಕ್ಕೂ ಸಾಧ್ಯವಿಲ್ಲ.

ಹೇಳಿಕೆ 2: ತಾಮ್ರ ಮುಟ್ಟಿದರೆ ಕ್ರಿಮಿ ಸಾಯುತ್ತವೆ

ಇಲ್ಲಿ ಅರ್ಧ ನಿಜ ನಮ್ಮ ಊರಿನದೇ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಕುಡಿಯುವ ನೀರಿಗೆ ಬೆರೆಸಿ ತಾಮ್ರದ ಪಾತ್ರೆಯಲ್ಲಿಟ್ಟರು. ಆಮೇಲೆ ಪರೀಕ್ಷಿಸಿದಾಗ ಬದುಕಿದ ಬ್ಯಾಕ್ಟೀರಿಯಾ ಸಿಗಲಿಲ್ಲ. ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ 2 ಮಿಲಿಗ್ರಾಂ ಮಿತಿಗಿಂತ ಬಹಳ ಕಡಿಮೆ.

ಆದರೆ ಎಷ್ಟು ಹೊತ್ತು ಇಟ್ಟಿದ್ದರು? 16 ಗಂಟೆ. ಫಾರ್ವರ್ಡ್‌ಗಳಲ್ಲಿ ಕಾಣೆಯಾಗುವುದು ಈ ಸಂಖ್ಯೆಯೇ. ತಾಮ್ರದ ಅಯಾನುಗಳು ನೀರಿಗೆ ಇಳಿಯಬೇಕು, ಬ್ಯಾಕ್ಟೀರಿಯಾದ ಕೋಶಕ್ಕೆ ಹಾನಿ ಮಾಡಬೇಕು, ಅದಕ್ಕೆ ಹೊತ್ತು ಬೇಕು. ಆ ಪರೀಕ್ಷೆ ನಡೆದದ್ದು ಕುಡಿಯುವ ನೀರಿನಲ್ಲಿ, ಸಕ್ಕರೆ ಮತ್ತು ಪ್ರೋಟೀನು ತುಂಬಿದ ರಸದಲ್ಲಲ್ಲ. ಸಾವಯವ ಪದಾರ್ಥ ಹೆಚ್ಚಿದ್ದರೆ ತಾಮ್ರ ಅದಕ್ಕೇ ಅಂಟಿಕೊಂಡು ಬಲ ಕಳೆದುಕೊಳ್ಳುತ್ತದೆ. ಇಪ್ಪತ್ತು ನಿಮಿಷ ಮುಳುಗಿಸಿದ ಸುರುಳಿ ಯಾವುದನ್ನೂ ಶುದ್ಧ ಮಾಡುವುದಿಲ್ಲ. ಅನುಭವಿಗಳು ಕುದಿ ನಿಲ್ಲಿಸುವ 10–15 ನಿಮಿಷ ಮೊದಲೇ ಸುರುಳಿಯನ್ನು ರಸದೊಳಗೆ ಇಳಿಸುತ್ತಾರೆ. ಆಗ ಸುರುಳಿಯ ಮೇಲಿನ ಕ್ರಿಮಿಗಳನ್ನು ಕೊಲ್ಲುವುದು ಕುದಿಯುವ ಶಾಖ.

ಹೇಳಿಕೆ 3: ತಾಮ್ರ ಎಷ್ಟು ಮುಟ್ಟಿದರೂ ಒಳ್ಳೆಯದೇ

ದೀಪಾವಳಿಯ ಹಿಂದಿನ ದಿನ, ನೀರು ತುಂಬುವ ಹಬ್ಬಕ್ಕೆ, ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತೇವಲ್ಲ, ಕಪ್ಪು ಹೋಗಿ ಹಂಡೆ ಹೊಳೆಯುತ್ತದೆ. ಆ ಕಪ್ಪು ಎಲ್ಲಿಗೆ ಹೋಯಿತು? ಅದು ತಾಮ್ರದ ಆಕ್ಸೈಡ್. ಹುಳಿಯಲ್ಲಿ ಕರಗಿ ತೊಳೆದ ನೀರಿನ ಜೊತೆ ಬಚ್ಚಲಿಗೆ ಹೋಯಿತು. ವರ್ಟ್ ಕೂಡ ಕೊಂಚ ಹುಳಿ, ಅದರ ಪಿಎಚ್ ಸುಮಾರು 5.2ರಿಂದ 5.5. ಕಪ್ಪಾಗಿ ಒಳಗೆ ಹೋದ ಸುರುಳಿ ಹೊಳೆಯುತ್ತಾ ಹೊರಗೆ ಬಂದರೆ ‘ಎಷ್ಟು ಚೆನ್ನಾಗಿ ತೊಳೆದುಹೋಯಿತು’ ಎಂದು ಖುಷಿಪಡುವಂತಿಲ್ಲ. ತೊಳೆದ ನೀರು ಈಗ ಪಾತ್ರೆಯಲ್ಲೇ ಇದೆ.

ವರ್ಟ್ ವಿಷಯದಲ್ಲಿ ಪ್ರಮಾಣ ಸಾಮಾನ್ಯವಾಗಿ ಸಣ್ಣದು, ಬಹುಪಾಲನ್ನು ಯೀಸ್ಟ್ ಹೀರಿಕೊಂಡು ತಳಕ್ಕೆ ಇಳಿಯುತ್ತದೆ. ಆದರೂ ಸುರುಳಿಯನ್ನು ಮೊದಲು ವಿನೆಗರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಬಳಸುವುದು ರೂಢಿ. ಹಸಿರು ಕಿಲುಬು ಕಂಡರಂತೂ ಅದು ಪೂರ್ತಿ ಹೋಗುವವರೆಗೆ ಬಳಸಲೇಬಾರದು. ಹುದುಗಿ ಮುಗಿದ ಪಾನೀಯಕ್ಕೆ ಹುಳಿ ಇನ್ನೂ ಹೆಚ್ಚು, ಅದರೊಳಗೆ ತಾಮ್ರ ಇಡುವುದು ಸಲ್ಲ.

ಅಪಾಯ ಹೆಚ್ಚುವುದು ಈ ಸುರುಳಿಯನ್ನು ‘ಎಲ್ಲದಕ್ಕೂ’ ಬಳಸಿ ಎಂದಾಗ. ನಿಂಬೆ ಪಾನಕ, ಮಜ್ಜಿಗೆ, ಸಾರು, ಕೋಕಂ ಶರಬತ್ತು ವರ್ಟ್‌ಗಿಂತ ಹೆಚ್ಚು ಹುಳಿ. ತಾಮ್ರ ಅತಿಯಾದರೆ ವಾಕರಿಕೆ, ವಾಂತಿ, ಹೊಟ್ಟೆನೋವು, ಭೇದಿ ಆಗುತ್ತವೆ. ನಮ್ಮ ಅಜ್ಜಿಯರಿಗೆ ನಿಜವಾಗಿ ಗೊತ್ತಿದ್ದದ್ದು ಇದು. ತಾಮ್ರದ ಹಂಡೆ ಸ್ನಾನದ ನೀರಿಗೆ, ತಾಮ್ರದ ಚೊಂಬು ಕುಡಿಯುವ ನೀರಿಗೆ. ಹುಳಿ ಬೇಯಿಸುವ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಮಾತ್ರ ಒಳಗೆ ಕಲಾಯಿ. ಬೀದಿಯಲ್ಲಿ ‘ಕಲಾಯಿ’ ಎಂದು ಕೂಗುತ್ತಾ ಬರುವವರು ಪಾತ್ರೆ ಕಾಯಿಸಿ ತವರ ಬಳಿದು ಕೊಡುತ್ತಿದ್ದದ್ದು ಹೊಳಪಿಗಲ್ಲ, ಹುಳಿ ತಾಮ್ರವನ್ನು ಮುಟ್ಟದಿರಲಿ ಎಂದು.

ಹಾಲಿನ ವಿಷಯ ಇನ್ನೂ ಗಂಭೀರ. ಭಾರತದ ಪುಟ್ಟ ಮಕ್ಕಳಲ್ಲಿ ಕಾಣುತ್ತಿದ್ದ ಒಂದು ಬಗೆಯ ಯಕೃತ್ತಿನ ಕಾಯಿಲೆಗೂ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿಗೂ ನಂಟಿದೆ ಎಂಬುದನ್ನು 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಸಂಶೋಧನೆ ತೋರಿಸಿತು. ತಾಮ್ರ ಹಾಲಿನ ಪ್ರೋಟೀನಿಗೆ ಅಂಟಿಕೊಂಡು ಮಗುವಿನ ಹೊಟ್ಟೆ ಸೇರುತ್ತದೆ. ಅನುವಂಶಿಕ ಕಾರಣವೂ ಜೊತೆಗಿರಬಹುದು ಎಂಬ ಚರ್ಚೆ ಇದ್ದರೂ, ಪಾತ್ರೆ ಬದಲಾದಂತೆ ಆ ಕಾಯಿಲೆ ಬಹಳ ಕಡಿಮೆಯಾಯಿತು. ಹಾಗಾಗಿ ಮಗುವಿನ ಹಾಲು ತಣಿಸಲು ತಾಮ್ರದ ಸುರುಳಿ ಎಂಬ ಸಲಹೆ ಕಂಡರೆ ಅದನ್ನು ಮುಂದೆ ಕಳಿಸಬೇಡಿ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ತಾಮ್ರದ ಚೊಂಬಿನ ನೀರನ್ನೂ ಕುಡಿಯಬಾರದು.

ಹೇಳಿಕೆ 4: ತಾಮ್ರ ವಿಷವನ್ನು ಎಳೆದುಕೊಳ್ಳುತ್ತದೆ

ಈ ಮಾತು ಹುಟ್ಟಿದ್ದು ಎರಡು ಬೇರೆ ಉಪಕರಣಗಳನ್ನು ಒಂದೇ ಎಂದುಕೊಂಡದ್ದರಿಂದ. ವರ್ಟ್ ಚಿಲ್ಲರ್ ಒಂದು, ಸಾರಾಯಿ ಬಟ್ಟಿ ಇಳಿಸುವ ಸುರುಳಿ ಇನ್ನೊಂದು. ನೋಡಲು ಎರಡೂ ತಾಮ್ರದ ಸುರುಳಿಗಳೇ. ಮೊದಲನೆಯದರಲ್ಲಿ ಒಳಗೆ ಹರಿಯುವುದು ನೀರು, ಎರಡನೆಯದರಲ್ಲಿ ಮದ್ಯದ ಆವಿ. ಬಟ್ಟಿಯಲ್ಲಿ ತಾಮ್ರ ಕೆಲವು ಗಂಧಕದ ಸಂಯುಕ್ತಗಳನ್ನು ಹಿಡಿದುಕೊಂಡು ಕೆಟ್ಟ ವಾಸನೆ ಕಡಿಮೆ ಮಾಡುತ್ತದೆ, ಅದು ನಿಜ. ಆದರೆ ಕಳ್ಳಭಟ್ಟಿ ದುರಂತಗಳಲ್ಲಿ ಜನರನ್ನು ಕೊಲ್ಲುವುದು ಮೆಥನಾಲ್. ತಾಮ್ರ ಅದನ್ನು ಹಿಡಿಯುವುದಿಲ್ಲ, ಬಣ್ಣ ಬದಲಿಸಿ ತೋರಿಸುವುದೂ ಇಲ್ಲ.

ಬೆಂಗಳೂರು ಈ ಪಾಠಕ್ಕೆ ದೊಡ್ಡ ಬೆಲೆ ತೆತ್ತಿದೆ. 1981ರ ಜುಲೈನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಈ ನಗರದವರು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವು. ಸತ್ತವರು ಬಹುತೇಕ ಬಡ ಕೂಲಿಕಾರರು. ‘ತಾಮ್ರದಲ್ಲಿ ಇಳಿಸಿದ್ದು, ವಿಷ ಇರಲ್ಲ’ ಎಂಬ ಒಂದು ಸಾಲು ತಮಾಷೆಯ ವಿಡಿಯೋದಿಂದ ಹೊರಟು ಎಲ್ಲಿ ಹೋಗಿ ನಿಲ್ಲಬಹುದು ಎಂಬುದನ್ನು ಯೋಚಿಸಿ.

ಹೇಳಿಕೆ 5: ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು

ವಿಡಿಯೋ ಬಂದ ದೇಶ ಯಾವುದು ನೋಡಿ. ಇಂಗ್ಲೆಂಡಿನಲ್ಲಿ ಮನೆ ಬಳಕೆಗೆ ಬಿಯರ್ ಮಾಡಲು ಪರವಾನಗಿ ಬೇಡ ಎಂದಾದದ್ದು 1963ರಲ್ಲಿ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ನಂತರ ಅದಕ್ಕೆ ದಾರಿಯಾಯಿತು. ಅಲ್ಲಿರುವ ಕನ್ನಡಿಗರ ಗ್ಯಾರೇಜಿನಲ್ಲಿ ಇದು ವಾರಾಂತ್ಯದ ಹವ್ಯಾಸವಾಗಿರಬಹುದು. ಕರ್ನಾಟಕದಲ್ಲಿ ಹಾಗಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಮದ್ಯವೇ. ‘ಮಾರುವುದಿಲ್ಲ, ನಮ್ಮ ಮನೆಗೆ ಮಾತ್ರ’ ಎಂದರೆ ಅದು ತಪ್ಪಿಸಿಕೊಳ್ಳುವ ದಾರಿಯಾಗುವುದಿಲ್ಲ. ಮದ್ಯ ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಉಪಕರಣ ಇಟ್ಟುಕೊಳ್ಳುವುದೂ ಅದರ ವ್ಯಾಪ್ತಿಗೆ ಬರುತ್ತದೆ. ತಾಮ್ರದ ಪೈಪು ಕೊಳ್ಳುವುದು ತಪ್ಪಲ್ಲ, ಅದು ಯಾವ ಕೆಲಸಕ್ಕೆ ಎಂಬುದು ಮುಖ್ಯ. ಮೈಕ್ರೋಬ್ರೂವರಿಗಳಿಗೆ ಪ್ರತ್ಯೇಕ ಪರವಾನಗಿ ಇದೆ, ಅದರಿಂದ ಮನೆಯ ಅಡುಗೆಕೋಣೆಗೆ ಅನುಮತಿ ಸಿಕ್ಕಂತಲ್ಲ.

ವಿಡಿಯೋ ಎಣಿಸದ ನೀರು

ಈ ಲೆಕ್ಕ ಸರಳ. 20 ಲೀಟರ್ ರಸವನ್ನು 100 ಡಿಗ್ರಿಯಿಂದ 30 ಡಿಗ್ರಿಗೆ ಇಳಿಸಬೇಕು. ಅಂದರೆ 20 ಲೀಟರಿನಿಂದ 70 ಡಿಗ್ರಿಯಷ್ಟು ಶಾಖ ತೆಗೆಯಬೇಕು. ಸುರುಳಿಯೊಳಗೆ ಹರಿಯುವ ನೀರು ಸರಾಸರಿ 20 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ ಎಂದುಕೊಂಡರೆ, 20 ಗುಣಿಸು 70, ಭಾಗಿಸು 20. ಉತ್ತರ 70 ಲೀಟರ್. ನಲ್ಲಿಯನ್ನು ಜೋರಾಗಿ ಬಿಟ್ಟರೆ ನೀರು ಅಷ್ಟು ಬಿಸಿಯಾಗುವ ಮೊದಲೇ ಹೊರಬರುತ್ತದೆ, ಆಗ ಇನ್ನೂ ಹೆಚ್ಚು ಬೇಕು.

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಸರಬರಾಜಿನ ಮಾನದಂಡ. ಅದರ ಅರ್ಧ ಒಂದು ಪಾತ್ರೆ ತಣಿಸಲು ಹೋಯಿತು. ಮಲ್ಲೇಶ್ವರದ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಹಂತಹಂತವಾಗಿ ಪಂಪಾಗಿ ಬಂದದ್ದು. 2024ರ ಮಾರ್ಚಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತ್ತು. ವಿಡಿಯೋದಲ್ಲಿ ಆ ಬಿಸಿನೀರು ಚರಂಡಿಗೆ ಹರಿಯುವುದನ್ನು ಇಲ್ಲಿ ಕೂತು ನೋಡಿದರೆ ಹೊಟ್ಟೆ ಚುರುಕ್ ಎನ್ನುತ್ತದೆ.

ಅಲ್ಲೂ ತಿಳಿದವರು ನೀರು ಚೆಲ್ಲುವುದಿಲ್ಲ. ಬ್ರೂವರಿಗಳು ಹೊರಬಂದ ಬಿಸಿನೀರನ್ನು ಮುಂದಿನ ಪಾಕಕ್ಕೆ ಬಳಸುತ್ತವೆ. ನೀರಿನ ಅಭಾವವಿರುವ ಆಸ್ಟ್ರೇಲಿಯಾದಲ್ಲಿ ಅನೇಕ ಹವ್ಯಾಸಿಗಳು ಚಿಲ್ಲರನ್ನೇ ಬಿಟ್ಟಿದ್ದಾರೆ. ಬಿಸಿ ರಸವನ್ನು ಶಾಖ ತಡೆಯುವ ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ರಾತ್ರಿಯಿಡೀ ಬಿಡುತ್ತಾರೆ. ‘ಚಿಲ್ಲರ್ ಇಲ್ಲದಿದ್ದರೆ ಆಗುವುದೇ ಇಲ್ಲ’ ಎಂಬ ಮಾತೂ ಹಾಗಾಗಿ ಪೂರ್ತಿ ನಿಜವಲ್ಲ.

ಪೈಪನ್ನು ಕೈಗೆತ್ತಿಕೊಳ್ಳುವವರು ಗಮನಿಸಬೇಕಾದದ್ದು

ಕಾಲೇಜಿನ ಪ್ರಾಜೆಕ್ಟಿಗೋ, ಶಾಖ ವಿನಿಮಯ ತೋರಿಸಲೋ ಸುರುಳಿ ಮಾಡಿ ನೀರಿನಲ್ಲೇ ಪ್ರಯೋಗ ಮಾಡಬಹುದು. ಆಗಲೂ ಕೆಲವು ಎಚ್ಚರ ಬೇಕು.

ಹಳೆಯ ಏಸಿ ಅಥವಾ ಫ್ರಿಜ್ಜಿನಿಂದ ಬಿಚ್ಚಿದ ಪೈಪು ಬೇಡ, ಒಳಗೆ ಕಂಪ್ರೆಸರಿನ ಎಣ್ಣೆ ಇರುತ್ತದೆ. ಸೀಸ ಇರುವ ಬೆಸುಗೆ ಬೇಡವೇ ಬೇಡ. ಎರಡೂ ತುದಿ ಪಾತ್ರೆಯ ಹೊರಗೆ ಬರುವಷ್ಟು ಉದ್ದ ಒಂದೇ ಪೈಪನ್ನು ಬಳಸಿದರೆ ಒಳಗೆ ಬೆಸುಗೆಯ ಅಗತ್ಯವೇ ಬರುವುದಿಲ್ಲ. ಬಾಗಿಸುವಾಗ ಪೈಪು ಮಡಚಿಕೊಂಡರೆ ನೀರು ನಿಲ್ಲುತ್ತದೆ. ಅದಕ್ಕೇ ಒಳಗೆ ಒಣ ಮರಳು ತುಂಬಿ, ತುದಿ ಮುಚ್ಚಿ, ಗಟ್ಟಿ ಡಬ್ಬಿಯ ಸುತ್ತ ನಿಧಾನವಾಗಿ ಸುತ್ತುತ್ತಾರೆ. ರಬ್ಬರ್ ಪೈಪಿನ ಜೋಡಣೆ ಪಾತ್ರೆಯ ಅಂಚಿನ ಆಚೆಗಿರಲಿ, ಕ್ಲಿಪ್ಪು ಬಿಗಿಯಿರಲಿ. ಮೊದಲ ನಿಮಿಷದಲ್ಲಿ ಹೊರಬರುವ ನೀರು ಚರ್ಮ ಸುಡುವಷ್ಟು ಬಿಸಿ, ತೋಟದ ಪ್ಲಾಸ್ಟಿಕ್ ಪೈಪು ಅದಕ್ಕೆ ಮೆತ್ತಗಾಗಿ ಕಳಚಬಹುದು. ಮಕ್ಕಳನ್ನು ದೂರ ಇಡಿ. ಹೊರಬಂದ ನೀರನ್ನು ಬಕೆಟ್ಟಿಗೆ ಹಿಡಿಯಿರಿ, ಪಾತ್ರೆ ತೊಳೆಯಲು, ನೆಲ ಒರೆಸಲು ಆಗುತ್ತದೆ.

ಮನೆಯಲ್ಲಿ ಹಾಲು, ಸಾಂಬಾರು, ಗಂಜಿ ಬೇಗ ತಣಿಯಬೇಕಿದ್ದರೆ ಯಾವ ಸುರುಳಿಯೂ ಬೇಡ. ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಸುರಿದು, ತಣ್ಣೀರಿನ ತಟ್ಟೆಯಲ್ಲಿಟ್ಟು, ಆಗಾಗ ಸೌಟು ಆಡಿಸಿ. ಮೇಲೆ ಹೇಳಿದ ವಿಜ್ಞಾನವೆಲ್ಲ ಅದರಲ್ಲೇ ಇದೆ.

ಒಟ್ಟಾರೆ

ತಾಮ್ರದ ಸುರುಳಿ ಬಿಸಿ ದ್ರವವನ್ನು ಬೇಗ ತಣಿಸುತ್ತದೆ: ನಿಜ. ಸ್ಟೀಲಿಗಿಂತ 25 ಪಟ್ಟು ಬೇಗ: ದಾರಿ ತಪ್ಪಿಸುವ ಮಾತು. ನಿಮಿಷಗಳಲ್ಲಿ ಕ್ರಿಮಿ ಕೊಲ್ಲುತ್ತದೆ: ತಪ್ಪು. ಹುಳಿ ಪಾನೀಯ, ಹಾಲಿಗೂ ಒಳ್ಳೆಯದು: ತಪ್ಪು, ಅಪಾಯಕಾರಿ. ಮದ್ಯದ ವಿಷ ತೆಗೆಯುತ್ತದೆ: ತಪ್ಪು, ಪ್ರಾಣಕ್ಕೇ ಅಪಾಯ. ಕರ್ನಾಟಕದಲ್ಲಿ ಮನೆಯಲ್ಲಿ ಬಿಯರ್ ಮಾಡಬಹುದು: ಪರವಾನಗಿ ಇಲ್ಲದೆ ಆಗದು.

ವಿಡಿಯೋ ಚೆನ್ನಾಗಿದೆ ಎನಿಸಿದರೆ ನೋಡಿ, ಅಡ್ಡಿಯಿಲ್ಲ. ಮುಂದೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ಹೊತ್ತು? ಯಾವ ದ್ರವ? ಯಾವ ದೇಶದ ಕಾನೂನು? ಈ ಮೂರಕ್ಕೆ ಉತ್ತರವಿಲ್ಲದ ಸಂದೇಶವನ್ನು ನಿಮ್ಮ ಮೊಬೈಲಿನಲ್ಲೇ ನಿಲ್ಲಿಸಿ.